ಅಂಗೈಯಗಲ ತೊಗಟೆ

ಜನವರಿ 19, ಸೋಮವಾರ

ಮರಕ್ಕೆ ನಗರಸಭೆಯವರು ನೋಟೀಸು ಅಂಟಿಸಿದ್ದಾರೆ. ಅಂಟಿಸಿದ್ದಾರೆ ಎಂದರೆ ತಪ್ಪಾಗುತ್ತದೆ, ಮೊಳೆ ಹೊಡೆದಿದ್ದಾರೆ. ನಾಲ್ಕು ಮೊಳೆ, ಅದರಲ್ಲಿ ಒಂದು ಡೊಂಕು. "ಸದರಿ ಅಶೋಕ ಮರವು ಒಣಗುತ್ತಿದ್ದು, ಎಲೆಗಳು ಕೆಂಪಗಾಗಿ ಬಾಡಿ ಜೋತುಬಿದ್ದಿರುವುದರಿಂದ, ಸಾರ್ವಜನಿಕರ ಸುರಕ್ಷತೆಯ ದೃಷ್ಟಿಯಿಂದ ತೆರವುಗೊಳಿಸಲು ಉದ್ದೇಶಿಸಲಾಗಿದೆ. ಆಕ್ಷೇಪಣೆ ಇದ್ದಲ್ಲಿ ಮೂವತ್ತು ದಿನಗಳೊಳಗೆ..."

ಒಣಗಿದೆಯಂತೆ! ಆ ಪುಣ್ಯಾತ್ಮ ಪರಿವೀಕ್ಷಕ ನೋಡಿರುವುದು ಚಿಗುರನ್ನು. ಅಶೋಕದ ಎಳೆ ಎಲೆ ಹುಟ್ಟುವಾಗಲೇ ಹಾಗೆ. ತಾಮ್ರದ ಬಣ್ಣ, ಮೂಳೆಯಿಲ್ಲದ ಮೈ. ಹಿಂಡದೆ ಹರವಿದ ಬಟ್ಟೆಯ ಹಾಗೆ ಗೊಂಚಲು ಗೊಂಚಲಾಗಿ ನೇತಾಡುತ್ತಿರುತ್ತದೆ. ಎರಡು ಮೂರು ವಾರ ಬಿಟ್ಟರೆ ತಾನಾಗಿಯೇ ಹಸಿರಾಗಿ, ಗಟ್ಟಿಯಾಗಿ ನಿಲ್ಲುತ್ತದೆ. ವರ್ಷದಲ್ಲಿ ಒಂದು ದಿನವೂ ಬೋಳಾಗದ ಮರ ಇದು. ಕೂಸನ್ನು ನೋಡಿ ಹೆಣ ಎಂದವನಿಗೆ ಈ ಕೆಲಸ ಕೊಟ್ಟವರು ಯಾರು?

ಮುದ್ರಣಾಲಯದ ಗೇಟಿನ ಮುಂದೆ ಇಂಥವು ಏಳು ಇದ್ದವು. ನಾನು ಕರಡು ತಿದ್ದುವ ಕೆಲಸಕ್ಕೆ ಸೇರಿದ ದಿನವೇ ಎಣಿಸಿದ್ದೆ. ಎಪ್ಪತ್ತೆಂಟರಲ್ಲಿ ನೀರಿನ ಪೈಪಿಗೆಂದು ಎರಡನ್ನು ಕಡಿದರು. ಪೈಪು ಕೊನೆಗೆ ಹಿಂದಿನ ಬೀದಿಯಲ್ಲಿ ಹೋಯಿತು. ಎಂಬತ್ತಾರರಲ್ಲಿ ಯಾರೋ ದೊಡ್ಡವರ ಕಾರು ತಿರುಗಬೇಕೆಂದು ಇನ್ನೊಂದು. ಆ ದೊಡ್ಡವರು ಬರಲೇ ಇಲ್ಲ, ಬೂದು ಬಣ್ಣದ ಜೀಪಿನಲ್ಲಿ ಅವರ ಕಾರ್ಯದರ್ಶಿ ಬಂದು ಟೀ ಕುಡಿದು ಹೋದ. ಉಳಿದವುಗಳ ಕಥೆಯೂ ನನಗೆ ತಾರೀಖಿನ ಸಮೇತ ಗೊತ್ತು. ಈಗ ಮುದ್ರಣಾಲಯವೇ ಮುಚ್ಚಿದೆ. ಉಳಿದಿರುವುದು ಈ ಒಂದು ಮರ, ಸುತ್ತಳತೆ ಐದು ಅಡಿ ಎರಡು ಅಂಗುಲ, ಮತ್ತು ಎದುರು ಮನೆಯ ಮಹಡಿಯಲ್ಲಿ ನಾನು.

ದೂರು ಕೊಟ್ಟವನು ಯಾರೆಂದೂ ಗೊತ್ತು. ಮೂಲೆಯ ಕನ್ನಡಕದಂಗಡಿಯವನು ಹೊಸ ಬೋರ್ಡು ಹಾಕಿಸಿದ್ದಾನೆ. ಎಡಗಡೆಯ ಕೊಂಬೆ ಅದಕ್ಕೆ ಅಡ್ಡ. ಊರಿಗೆಲ್ಲ ಕಣ್ಣು ಮಾರುವವನು.

ತಂಗಿಗೆ ಹೇಳಿದೆ. ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಬಟ್ಟೆ ಸೂಜಿಯ ಕೆಳಗಿತ್ತು, ಕಾಲು ಮಾತ್ರ ತುಳಿಯುತ್ತಿರಲಿಲ್ಲ.

"ನಿನಗೊಂದು ಕೆಲಸ ಸಿಕ್ತಲ್ಲ ಅಣ್ಣ" ಎಂದಳು.

ಜನವರಿ 23, ಶುಕ್ರವಾರ

ಪತ್ರಿಕೆಗೆ ಪತ್ರ ಸಿದ್ಧವಾಯಿತು. ಮೂರು ಸಲ ಬರೆದು ಹರಿದೆ. ತಿಂಡಿಯ ಹೊತ್ತಿಗೆ ತಂಗಿಗೆ ಓದಿದೆ. ಚಿಗುರಿನ ವಿಷಯವೇ ಮುಖ್ಯ, ಆದರೆ ಬರೀ ಅದಿಷ್ಟನ್ನೇ ಬರೆದರೆ ಸಂಪಾದಕರು ಒಳಪುಟದ ಮೂಲೆಗೆ ತಳ್ಳುತ್ತಾರೆ. ಆದ್ದರಿಂದ ಓದುಗರಿಗೆ ಸ್ವಲ್ಪ ತಿಳಿವಳಿಕೆಯನ್ನೂ ಸೇರಿಸಿದ್ದೇನೆ. ಈ ಮರ ಹೂ ಬಿಡಲು ರೆಂಬೆಯ ತುದಿಯನ್ನು ಕಾಯುವುದಿಲ್ಲ, ಹಳೆಯ ಕಾಂಡದ ಮೈಮೇಲೇ ಬಿಡುತ್ತದೆ. ಬಿಟ್ಟಾಗ ಕಿತ್ತಳೆ, ದಿನ ಕಳೆದಂತೆ ಕಡುಗೆಂಪು. ನಾವು ದಳವೆಂದುಕೊಳ್ಳುವುದು ದಳವಲ್ಲ, ಈ ಹೂವಿಗೆ ದಳವೇ ಇಲ್ಲ. ತೊಗಟೆಯ ಕಷಾಯವನ್ನು ಹೆಂಗಸರ ಅತಿಸ್ರಾವಕ್ಕೆ ತಲೆತಲಾಂತರದಿಂದ ಕೊಡುತ್ತ ಬಂದಿದ್ದಾರೆ. ಇತ್ಯಾದಿ. ಹೆಸರಿನ ಅರ್ಥ ಬಿಡಿಸಿ ಕಣ್ಣೀರು ಹಾಕಿಸುವ ಚಪಲಕ್ಕೆ ಮಾತ್ರ ಬೀಳಲಿಲ್ಲ. ಅದನ್ನು ಸನ್ಮಾನದ ಭಾಷಣಕಾರರಿಗೆ ಬಿಟ್ಟಿದ್ದೇನೆ.

"ಅಣ್ಣ, ಅದೊಂದು ಸಾಲು ಇನ್ನೊಂದ್ಸಲ ಓದು."

"ಯಾವುದು? ದಳದ್ದಾ?"

"ಅಲ್ಲ. ಆಮೇಲಿಂದು."

ಓದಿದೆ.

"ಅದನ್ನ ಎಷ್ಟು ಹಾಕಿ ಕುದಿಸ್ತಾರಂತೆ?"

"ಒಂದು ಹಿಡಿಗೆ ನಾಲ್ಕು ಲೋಟ ನೀರು, ಒಂದು ಲೋಟಕ್ಕೆ ಇಳಿಯೋ ತನಕ. ಯಾಕೆ?"

"ಸುಮ್ನೆ. ನೀನು ಬರೆದಿದೀಯಲ್ಲ, ಕೇಳಿದೆ."

ನನ್ನ ಪತ್ರಗಳನ್ನು ಇಷ್ಟು ಗಮನವಿಟ್ಟು ಕೇಳುವವಳು ಮನೆಯಲ್ಲೇ ಇದ್ದಾಳೆಂದು ತಿಳಿದಿರಲಿಲ್ಲ. ಸಂತೋಷವಾಯಿತು.

ಜನವರಿ 30, ಶುಕ್ರವಾರ

ನಿನ್ನೆ ಪತ್ರ ಅಚ್ಚಾಗಿದೆ. ಅರ್ಧ ಕತ್ತರಿಸಿದ್ದಾರೆ. ಚಿಗುರಿನ ಪ್ಯಾರಾ ಪೂರ್ತಿ ಹಾರಿದೆ, ದಳದ ಸಾಲು ಹಾರಿದೆ, ತೊಗಟೆಯ ಸಾಲು ಉಳಿದಿದೆ. ಇಂಥವರ ಕೈಗೆ ಕತ್ತರಿ ಕೊಟ್ಟರೆ ಇನ್ನೇನಾಗುತ್ತದೆ?

ಇವತ್ತು ಖುದ್ದಾಗಿ ಕಚೇರಿಗೆ ಹೋಗಿ ಆಕ್ಷೇಪಣೆ ಕೊಟ್ಟೆ. ಬೆಳಿಗ್ಗೆ ಹತ್ತಕ್ಕೆ ಹೋದವನು ನಾಲ್ಕಕ್ಕೆ ವಾಪಸ್ಸು. ಗುಮಾಸ್ತ ನನ್ನ ಅರ್ಜಿಯನ್ನು ಕೈಯಲ್ಲಿ ತೂಗಿ ನೋಡಿದ.

"ಏನ್ ಸಾರ್ ಇದು, ಹನ್ನೊಂದು ಪುಟ?"

"ಮರದ ವಯಸ್ಸು ಎಪ್ಪತ್ತರ ಮೇಲೆ. ಪುಟ ಕಮ್ಮಿಯೇ ಆಯ್ತು."

"ಮರ ಕಡಿಯೋಕೆ ಇಷ್ಟು ಕಾಗದ ಖರ್ಚಾಗಲ್ಲ ಸಾರ್, ಉಳಿಸೋಕೆ ಆಗುತ್ತೆ ನೋಡಿ. ಕಾಗದಕ್ಕೂ ಮರಾನೇ ಅಲ್ವಾ" ಎಂದು ಪಕ್ಕದವನ ಕಡೆ ನೋಡಿ ನಕ್ಕ. ಸ್ವೀಕೃತಿಯ ಮುದ್ರೆ ತಲೆಕೆಳಗಾಗಿ ಒತ್ತಿದ್ದ. ಮತ್ತೆ ಒತ್ತಿಸಿದೆ.

ಮನೆಗೆ ಬಂದಾಗ ತಂಗಿ ಮಲಗಿದ್ದಳು. ಹಗಲು ಹೊತ್ತಿನಲ್ಲಿ ಮಲಗುವ ಅಭ್ಯಾಸ ಅವಳಿಗಿಲ್ಲ. ಹೊರಗೆ ಹೋಗಿದ್ದೆ, ಸುಸ್ತಾಯಿತು ಎಂದಳು. ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಮುದ್ರೆಯ ವಿಷಯ ನೆನಪಾಗಿ ಅದನ್ನು ಹೇಳಿದೆ.

ಫೆಬ್ರವರಿ 2, ಸೋಮವಾರ

ಅನಾಹುತ. ಮರದ ಗೋಡೆ ಕಡೆಯ ಮಗ್ಗುಲಲ್ಲಿ, ನನ್ನ ಎದೆಗಿಂತ ಒಂದು ಗೇಣು ಕೆಳಗೆ, ಅಂಗೈಯಗಲ ತೊಗಟೆ ಎಬ್ಬಿಸಿದ್ದಾರೆ. ಅಳತೆ ಹಿಡಿದ ಹಾಗೆ ಚೌಕ. ಒಳಮೈ ಕೆಂಪಗೆ, ಇನ್ನೂ ಪಸೆ ಆರಿಲ್ಲ. ಚೌಕದ ಸುತ್ತ ನೀಲಿ ಸೀಮೆಸುಣ್ಣದ ಗೆರೆ!

ಗೆರೆ ಎಂದರೆ ಗುರುತು, ಗುರುತು ಎಂದರೆ ಕಚೇರಿ. ಕಳ್ಳನಾದವನು ಗೆರೆ ಎಳೆದುಕೊಂಡು ಕೂರುವುದಿಲ್ಲ. ಆಕ್ಷೇಪಣೆ ಕೊಟ್ಟ ಮೂರನೇ ದಿನಕ್ಕೆ ಮರದ ಮೈ ಕೆತ್ತಿ, ರೋಗದ ಪುರಾವೆ ತಾವೇ ಸೃಷ್ಟಿಸಲು ಹೊರಟಿದ್ದಾರೆ. ಪರಿವೀಕ್ಷಕನ ಹುದ್ದೆಯನ್ನು ಹೆಸರಿಸಿಯೇ ಮೇಲಧಿಕಾರಿಗೆ ಬರೆದೆ, ಪತ್ರಿಕೆಗೂ ಒಂದು ಪ್ರತಿ.

ತಂಗಿ ಕಿಟಕಿಯಿಂದ ನೋಡುತ್ತಿದ್ದಳು. "ಅಷ್ಟು ದೊಡ್ಡ ಮರದಲ್ಲಿ ಅಷ್ಟು ಚಿಕ್ಕ ಚೂರು ಹೋದ್ರೆ ಏನಾಗುತ್ತೆ ಅಣ್ಣ? ಸಾಯುತ್ತಾ?"

"ಇವತ್ತು ಅಂಗೈ, ನಾಳೆ ಆಳುದ್ದ. ಸುತ್ತ ಎಬ್ಬಿಸಿದ್ರೆ ನಿಂತಲ್ಲೇ ಸಾಯುತ್ತೆ. ಮಾಡಿದವನು ಕೈಗೆ ಸಿಗಲಿ, ಅವನ ಅಂಗೈ ಸುಲಿದು ತೋರಿಸ್ತೀನಿ. ಪೊಲೀಸರಿಗೆ ಕೊಡ್ತೀನಿ. ಅದು ಯಾರೇ ಆಗಿರಲಿ."

ಅವಳು ಒಲೆ ಮೇಲೆ ಏನೋ ಇದೆ ಎಂದು ಒಳಗೆ ಹೋದಳು.

ಫೆಬ್ರವರಿ 11, ಬುಧವಾರ

ಹಾಲಿನ ಪಾತ್ರೆಯಲ್ಲಿ ಏನೋ ಕಹಿ ವಾಸನೆ. ಕಾಫಿಗೂ ಹತ್ತಿದೆ. ಹೇಳಿದ್ದಕ್ಕೆ ಹುಣಸೆಹಣ್ಣು ಹಾಕಿ ಉಜ್ಜಿದಳು. ಮರುದಿನ ಮತ್ತೆ ಅದೇ. ದಿನಾ ಹಾಸಿಗೆಯ ಬಟ್ಟೆ ಒಗೆಯುತ್ತಾಳೆ. ವಾರಕ್ಕೆರಡು ದಿನ ನೀರು ಬಿಡುವ ಊರಿನಲ್ಲಿ ಈ ಮಡಿಯೆಲ್ಲ ಯಾಕೆ ಎಂದರೆ ಸೆಕೆ, ಬೆವರು ಎನ್ನುತ್ತಾಳೆ.

ಒಂದು ಒಳ್ಳೆಯದಾಗಿದೆ. ಹೊಲಿಗೆ ಯಂತ್ರ ನಿಂತಿದೆ. ಶಾಲೆಯ ಸಮವಸ್ತ್ರದ ಕೆಲಸ ಈ ವರ್ಷ ಬೇಡ ಎಂದುಬಿಟ್ಟಳಂತೆ. ಇಪ್ಪತ್ತಾರು ವರ್ಷದಿಂದ ಆ ಕಟಕಟದ ನಡುವೆಯೇ ಓದಿದ್ದೇನೆ. ಈಗ ಮನೆ ನಿಶ್ಶಬ್ದ. ಮಧ್ಯಾಹ್ನ ಮೂರು ಗಂಟೆ ಕೂತು ಮರಗಳ ಕಾನೂನನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದೆ.

ಫೆಬ್ರವರಿ 20, ಶುಕ್ರವಾರ

ಇನ್ನೊಂದು ಚೌಕ, ಮೊದಲನೆಯದರ ಪಕ್ಕದಲ್ಲೇ. ಅದೇ ಅಳತೆ, ಅದೇ ನೀಲಿ ಗೆರೆ. ಮೊನ್ನೆ ನಾನು ಗ್ರಂಥಾಲಯಕ್ಕೆ ಹೋಗಿದ್ದಾಗ ಆಗಿರಬೇಕು. ನಾನು ಹೊರಗೆ ಹೋಗುವುದನ್ನು ಯಾರೋ ಕಾಯುತ್ತಿದ್ದಾರೆ!

ಬೆಳಿಗ್ಗೆ ಮರದ ಬುಡದಲ್ಲಿ ಕುರ್ಚಿ ಹಾಕಿ ಕೂತೆ. ಕಾಂಡದ ಮೇಲೆ ಹೂವು ಬಂದಿದೆ. ಆಳೆತ್ತರದಲ್ಲಿ, ಗಾಯದಿಂದ ಎರಡು ಗೇಣು ಮೇಲೆ, ಗೊಂಚಲು. ಚಿಗುರೂ ಹಸಿರಾಗಿ ನಿಂತಿದೆ. ಒಣಗಿದ ಮರವಂತೆ. ಕನ್ನಡಕದಂಗಡಿಯವನು ಬಾಗಿಲು ತೆಗೆಯುತ್ತ ಕೂಗಿದ:

"ಏನ್ ಅರ್ಜಿ ಸಾರ್, ಕಾವಲು ಕೆಲಸಕ್ಕೆ ಸೇರ್ಕೊಂಡ್ರಾ? ಸಂಬಳ ಮರಾನೇ ಕೊಡುತ್ತಾ?"

"ನಿಮ್ಮ ಬೋರ್ಡಿನ ಮೇಲೆ ಬರೆಸಿದೀರಲ್ಲ, ಉಚಿತ ತಪಾಸಣೆ ಅಂತ. ಮೊದಲು ಆ ಪರಿವೀಕ್ಷಕನ್ನ ಕೂರಿಸಿ."

ಹನ್ನೆರಡು ಗಂಟೆಗೆ ತಂಗಿ ಊಟಕ್ಕೆ ಕರೆಯಲು ಬಂದಳು. ಮೆಟ್ಟಿಲ ಮೇಲೆ ಎರಡು ಕಡೆ ಕೂತು ಬಂದಳು. ಮುಖ ಬಿಳಿಚಿಕೊಂಡಿದೆ. ಬಿಸಿಲಿಗೆ ಬರುವುದೇ ಇಲ್ಲವಲ್ಲ, ಅದಕ್ಕೆ. ಮರದ ಹತ್ತಿರ ಬಾರೆಂದು ಕರೆದು ಗಾಯ ತೋರಿಸಿದೆ. ನೋಡಲಿಲ್ಲ. "ಅನ್ನ ಆರುತ್ತೆ ಬಾ" ಎಂದಳು.

ಮಾರ್ಚ್ 3, ಮಂಗಳವಾರ

ಪರಿವೀಕ್ಷಕ ಬಂದಿದ್ದ. ಮೂವತ್ತೈದರ ಹುಡುಗ, ಹೆಲ್ಮೆಟ್ ಕಂಕುಳಲ್ಲಿ. ನನ್ನ ಪತ್ರದಿಂದ ಅವನಿಗೆ ವಿವರಣೆ ಕೇಳಿದ್ದಾರಂತೆ.

"ಯಜಮಾನ್ರೇ, ನನ್ನ ಮೇಲೆ ಬರೆದಿದೀರಲ್ಲ, ನಾನು ಕೆತ್ತಿದ್ದು ನೋಡಿದ್ರಾ ನೀವು?"

"ನೋಡಬೇಕಾಗಿಲ್ಲ. ಗುರುತು ಮಾತಾಡುತ್ತೆ."

"ನಾವು ಗುರುತು ಹಾಕೋದು ಕೆಂಪು ಪೇಂಟಲ್ಲಿ, ನಂಬರ್ ಸಮೇತ. ಇದು ನೋಡಿ, ಟೈಲರ್‌ಗಳು ಬಟ್ಟೆ ಮೇಲೆ ಎಳೀತಾರಲ್ಲ, ಆ ಚಾಕ್‌ಪೀಸು. ಕೈಗೆ ಹತ್ತಿದ್ರೆ ಮೇಣದ ಥರ ಇದೆ. ನಮ್ಮಮ್ಮ ಹೊಲೀತಿದ್ರು, ನನಗೆ ಗೊತ್ತು."

"ಕಥೆ ಚೆನ್ನಾಗಿದೆ. ಮೇಲಧಿಕಾರಿಗೆ ಹೇಳಿ."

"ನನ್ನ ಬಡ್ತಿ ನಿಂತಿದೆ ಯಜಮಾನ್ರೇ. ನಿಮಗೆ ಕಥೆ."

ಚಿಗುರು ಹಸಿರಾಗಿರುವುದನ್ನು ಬೆರಳು ಮಾಡಿ ತೋರಿಸಿದೆ. ಅವನು ತಲೆಯೆತ್ತಲೂ ಇಲ್ಲ. ಏಪ್ರಿಲ್ 15ಕ್ಕೆ, ಹನ್ನೊಂದು ಗಂಟೆಗೆ ವಿಚಾರಣೆ ಎಂದು ಕಾಗದ ಕೊಟ್ಟು ಹೋದ. ನಾನೇ ಎದುರು ನಿಂತು ವಾದಿಸಬೇಕು. ಬರದಿದ್ದರೆ ನೋಟೀಸಿನಂತೆ ಕ್ರಮ.

ಟೈಲರ್ ಚಾಕ್‌ಪೀಸಂತೆ. ಅಧಿಕಾರಸ್ಥರ ಕಲ್ಪನಾಶಕ್ತಿ ಯಾವತ್ತೂ ತಪ್ಪಿಸಿಕೊಳ್ಳುವ ಹೊತ್ತಿನಲ್ಲೇ ಅರಳುತ್ತದೆ. ರಾತ್ರಿ ಊಟಕ್ಕೆ ಕೂತಾಗ ತಂಗಿಗೆ ಅವನ ದನಿಯಲ್ಲೇ ಅಭಿನಯಿಸಿ ತೋರಿಸಿದೆ. ನಗಲಿಲ್ಲ. ಅವಳ ತಟ್ಟೆ ಹಾಗೇ ಇತ್ತು.

ಮಾರ್ಚ್ 12, ಗುರುವಾರ

ತಂಗಿ ಮೆಟ್ಟಿಲ ಮೇಲೆ ಬಿದ್ದಳು. ಕೆಳಮನೆಯ ನರ್ಸಕ್ಕ ಸದ್ದು ಕೇಳಿ ಬಂದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಇದ್ದು ನಿವೃತ್ತರಾದವರು. ನನ್ನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡರು. ಅರ್ಧ ಗಂಟೆ. ಹೊರಗೆ ಬಂದಾಗ ಕೈ ಒರೆಸಿಕೊಳ್ಳುತ್ತಿದ್ದರು.

"ಎಷ್ಟು ದಿನದಿಂದ ಹೀಗೆ?"

"ಹೇಗೆ? ಕಾಲು ಜಾರಿದ್ದಲ್ವಾ?"

"ಏನ್ರೀ ನೀವು! ಮನೇಲಿರೋರು ಸಾಯ್ತಾ ಇದೀನಿ ಅಂತ ನಿಮಗೆ ಅರ್ಜಿ ಬರೆದು ಕೊಡಬೇಕಾ? ನಾಲ್ಕು ತಿಂಗಳಿಂದ ರಕ್ತ ಹೋಗ್ತಿದೆ. ಮುಟ್ಟು ನಿಂತು ಹತ್ತು ವರ್ಷ ಆದವಳಿಗೆ. ಮೈಯಲ್ಲಿ ರಕ್ತ ಎಲ್ಲಿದೆ, ನೋಡಿ ಆ ಉಗುರು!"

"ನನಗೆ ಹೇಳಲಿಲ್ಲ."

"ನಿಮಗೆ ಹೇಳೋ ಮಾತಾ ಅದು? ಹೇಳೋದಾದ್ರೂ ಯಾವಾಗ? ನೀವು ಬಾಯಿ ಮುಚ್ಚಿದಾಗ ತಾನೇ?"

ಉಗುರು ನೋಡಿದೆ. ಕಾಗದದ ಹಾಗಿತ್ತು.

ಮಾರ್ಚ್ 16, ಸೋಮವಾರ

ಸರ್ಕಾರಿ ಆಸ್ಪತ್ರೆ. ಚೀಟಿ ಬರೆಯುವ ಹುಡುಗಿ ಕೇಳಿದಳು: "ವಯಸ್ಸು?"

"ಐವತ್ತು..."

"ಐವತ್ತೆಷ್ಟು ಸಾರ್?"

ಹಿಂದಿನ ಬೆಂಚಿನಿಂದ ತಂಗಿಯ ದನಿ: "ಅರವತ್ತೊಂದು."

ಹಿಂದೆ ಆದ ಕಾಯಿಲೆ? ಗೊತ್ತಿಲ್ಲ. ರಕ್ತದ ಗುಂಪು? ಗೊತ್ತಿಲ್ಲ. ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದಾರಾ? ಇಲ್ಲ ಎಂದೆ. ತಂಗಿ ಸೆರಗಿನ ಅಂಚು ಮಡಚುತ್ತಿದ್ದಳು.

ಇಪ್ಪತ್ತಾರು ವರ್ಷದ ಹಿಂದೆ, ಅವಳ ಗಂಡ ತೀರಿಕೊಂಡ ಮೇಲೆ, ಒಂದು ಟ್ರಂಕು ಮತ್ತು ಹೊಲಿಗೆ ಯಂತ್ರದ ಜೊತೆ ಬಂದಳು. ಯಾವ ತಿಂಗಳು ಎಂದು ಯೋಚಿಸುತ್ತ ಆ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ. ನೆನಪಾಗಲಿಲ್ಲ.

ಮಾರ್ಚ್ 21, ಶನಿವಾರ

ಅವಳು ಆಸ್ಪತ್ರೆಯಲ್ಲೇ ಇದ್ದಾಳೆ, ರಕ್ತ ಕೊಡುತ್ತಿದ್ದಾರೆ. ಸೀರೆಗೆ ಗುಂಡಿ ಬೇಕೋ ಪಿನ್ನು ಬೇಕೋ ಎಂದು ಏನೋ ಹೇಳಿದಳು, ಅದನ್ನು ತರಲು ಹೊಲಿಗೆ ಯಂತ್ರದ ಡ್ರಾಯರು ತೆಗೆದೆ. ಗುಂಡಿಯ ಡಬ್ಬಿಯಲ್ಲಿ ಪಿನ್ನಿನ ಕಾಗದ. ಅದರ ಕೆಳಗೆ ಒಣಗಿದ ತೊಗಟೆ, ಬಟ್ಟೆ ಕತ್ತರಿಸಿದ ಹಾಗೆ ಸಣ್ಣ ಸಣ್ಣ ಪಟ್ಟಿ. ಅದರ ಕೆಳಗೆ, ಸವೆದು ಬೆರಳುಗುರಿನಷ್ಟಾದ ನೀಲಿ ಚಾಕ್‌ಪೀಸು.

ಡಬ್ಬಿ ಮುಚ್ಚಿ ಇಟ್ಟೆ. ಪಿನ್ನು ತೆಗೆದುಕೊಂಡು ಹೋಗುವುದನ್ನೇ ಮರೆತೆ.

ಮಾರ್ಚ್ 22, ಭಾನುವಾರ

ಅವಳೇ ಕೇಳಿದಳು, "ಡಬ್ಬಿ ನೋಡಿದ್ಯಾ?"

"ಹ್ಞೂಂ."

"ಅಂಗೈ ಸುಲೀತೀನಿ ಅಂದಿದ್ಯಲ್ಲ."

ಕೈ ಮುಂದೆ ಚಾಚಿದಳು. ತಮಾಷೆಗೆ. ಅದರಲ್ಲಿ ಸೂಜಿ ಚುಚ್ಚಿ ಟೇಪು ಹಚ್ಚಿದ್ದರು.

"ಗೆರೆ ಯಾಕೆ ಎಳೆದೆ?"

"ಗೆರೆ ಎಳೀದೆ ನಾನು ಯಾವತ್ತಾದ್ರೂ ಕತ್ತರಿ ಹಾಕಿದೀನಾ? ಎಷ್ಟು ಬೇಕೋ ಅಷ್ಟೇ ತೆಗೀಬೇಕು ಅಂತ. ಹೆಚ್ಚು ಹೋದ್ರೆ ನಿನ್ನ ಮರಕ್ಕೆ ನೋವಾಗುತ್ತೆ."

"ಕಮ್ಮಿ ಆಯ್ತಾ? ಕುಡಿದು?"

"ಇಲ್ಲ. ಆದ್ರೆ ಕುಡಿದಾಗ ಏನೋ ಮಾಡ್ತಾ ಇದೀನಿ ಅನ್ನಿಸ್ತಿತ್ತು. ನೀನು ಅರ್ಜಿ ಬರೀತೀಯಲ್ಲ, ಹಾಗೆ."

ಏಪ್ರಿಲ್ 2, ಗುರುವಾರ

ಪರೀಕ್ಷೆಯ ಫಲಿತಾಂಶ ಬಂತು. ಗರ್ಭಕೋಶ. ಅಲ್ಲಿಂದಾಚೆಗೂ ಹರಡಿದೆ. ನವೆಂಬರಿನಲ್ಲೇ ಬಂದಿದ್ದರೆ ಎಂದು ಡಾಕ್ಟರಮ್ಮ ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ಶಸ್ತ್ರಚಿಕಿತ್ಸೆಯಿಲ್ಲ. ರಕ್ತ ನಿಲ್ಲಿಸಲು ವಿಕಿರಣ ಕೊಡುತ್ತಾರೆ. ಏಪ್ರಿಲ್ 15ರಿಂದ, ಬೆಳಿಗ್ಗೆ ಎಂಟಕ್ಕೆ.

ನಾನು ಕೇಳಿದೆ, ಬೇರೆ ದಿನ ಆಗುವುದಿಲ್ಲವೇ ಎಂದು. ಕೇಳಿದೆ, ಬರೆದಿಡುತ್ತೇನೆ. ಹದಿನೈದು ಬಿಟ್ಟರೆ ಯಂತ್ರ ಸಿಗುವುದು ಮುಂದಿನ ತಿಂಗಳು ಎಂದರು.

ಅಲ್ಲಿಂದ ನೇರ ಕಚೇರಿಗೆ. ಅದೇ ಗುಮಾಸ್ತ. ವಿಚಾರಣೆ ಮುಂದೂಡಲು ಬೇರೆ ಅರ್ಜಿ ಕೊಡಬೇಕಂತೆ, ಆ ಅರ್ಜಿಯನ್ನು ಪರಿಶೀಲಿಸುವುದು ಹದಿನಾರನೇ ತಾರೀಖು. ಹೇಳುವಾಗ ಅವನೂ ನಗಲಿಲ್ಲ. "ಮನೇಲಿ ಏನಾದ್ರೂ ತೊಂದ್ರೆನಾ ಸಾರ್?" ಎಂದ.

ಅಲ್ಲೇ ಕೂತು ಮೇಲಧಿಕಾರಿಗೆ ಬರೆದೆ: "ಮರದ ಮೇಲಿನ ಗುರುತು ಮತ್ತು ಗಾಯ ನಿಮ್ಮ ಕಚೇರಿಯವರು ಮಾಡಿದ್ದಲ್ಲ, ನಮ್ಮ ಮನೆಯವರು ಔಷಧಿಗೆಂದು ತೆಗೆದದ್ದು. ಪರಿವೀಕ್ಷಕರ ಮೇಲಿನ ನನ್ನ ಆರೋಪ ತಪ್ಪು. ಕ್ಷಮಿಸಬೇಕು." ನನ್ನ ಜೀವಮಾನದಲ್ಲೇ ಅತಿ ಚಿಕ್ಕ ಪತ್ರ. ಆ ಹುಡುಗ ಬಡ್ತಿ ನಿಂತಿದೆ ಎಂದಿದ್ದ. ಅಚ್ಚಿನಲ್ಲಿ ಆದ ತಪ್ಪಿಗೆ ತಿದ್ದುಪಡಿ ಹಾಕಲೇಬೇಕು. ಮೂವತ್ತಾರು ವರ್ಷ ಬೇರೆಯವರ ತಪ್ಪಿಗೆ ಹಾಕಿದ್ದೇನೆ.

ಏಪ್ರಿಲ್ 14, ಮಂಗಳವಾರ

"ನಾಳೆ ನರ್ಸಕ್ಕ ನನ್ನ ಜೊತೆ ಬರ್ತಾರೆ. ನೀನು ಕಚೇರಿಗೆ ಹೋಗು" ಎಂದಳು.

ನರ್ಸಕ್ಕನೂ ತಯಾರಿದ್ದರು. ನನ್ನ ವಾದದ ಹಾಳೆಗಳೂ ತಯಾರಿದ್ದವು, ಇಪ್ಪತ್ತು ಪುಟ, ಚಿಗುರಿನ ಫೋಟೋ ಸಮೇತ.

ಏಪ್ರಿಲ್ 15, ಬುಧವಾರ

ಆಸ್ಪತ್ರೆ, ಎಂಟರಿಂದ ಮೂರರ ತನಕ. ಹನ್ನೊಂದಕ್ಕೆ ಒಂದು ಸಲ ಗೋಡೆಯ ಗಡಿಯಾರ ನೋಡಿದೆ. ಆಮೇಲೆ ನೋಡಲಿಲ್ಲ. ವಾಂತಿ ನಾಲ್ಕು ಸಲ.

ಏಪ್ರಿಲ್ 24, ಶುಕ್ರವಾರ

ಆದೇಶ ಬಂತು. "ಅರ್ಜಿದಾರರು ವಿಚಾರಣೆಗೆ ಗೈರುಹಾಜರಾಗಿರುವುದರಿಂದಲೂ, ಅರ್ಜಿದಾರರ ಮನೆಯವರೇ ಮರಕ್ಕೆ ಹಾನಿ ಮಾಡಿರುವುದಾಗಿ ಲಿಖಿತವಾಗಿ ಒಪ್ಪಿಕೊಂಡಿರುವುದರಿಂದಲೂ..."

ವಾಕ್ಯದಲ್ಲಿ ತಿದ್ದುವಂಥ ತಪ್ಪೇನೂ ಇರಲಿಲ್ಲ. ನನ್ನ ವಾದದ ಇಪ್ಪತ್ತು ಪುಟದ ಹಿಂಬದಿ ಖಾಲಿಯಿದೆ. ಅದರ ಮೇಲೆ ಅವಳ ಮಾತ್ರೆಗಳ ವೇಳೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ.

ಗಂಜಿ ತಳ ಹಿಡಿಯಿತು. ಎರಡನೇ ಸಲ ಸರಿಬಂತು.

ಮೇ 6, ಬುಧವಾರ

ಏಳೂವರೆಗೆ ಬಂದರು, ಎರಡು ಗರಗಸ, ಒಂದು ಲಾರಿ. ಮೊನ್ನೆಯ ಎರಡು ಮಳೆಗೆ ಮರ ಮತ್ತೆ ಚಿಗುರಿತ್ತು. ತುದಿಯಲ್ಲೆಲ್ಲ ತಾಮ್ರದ ಬಣ್ಣ ಜೋತುಬಿದ್ದಿತ್ತು.

ತಂಗಿಯ ಮಂಚ ಕಿಟಕಿಯ ಪಕ್ಕ. ಕಿಟಕಿ ಹಾಕಲೇ ಎಂದೆ, ಬೇಡ ಎಂದಳು.

"ಕೆಳಗೆ ಹೋಗು ಅಣ್ಣ. ಜಗಳ ಆಡು. ಇಲ್ದಿದ್ರೆ ನಿನಗೆ ಊಟ ಸೇರಲ್ಲ."

"ಈಗ ನಿನ್ನ ಮಾತ್ರೆ ಹೊತ್ತು."

"ಮಾತ್ರೆ ಎಲ್ಲಿಗೂ ಓಡಿಹೋಗಲ್ಲ. ನನ್ನಿಂದ ಆಯ್ತು ಅಂತ ನನ್ನನ್ನಾದ್ರೂ ಬೈಯಿ."

"ನಿನ್ನಿಂದ ಅಲ್ಲ."

"ಮತ್ತೆ?"

ನೀರಿನ ಲೋಟ ಕೊಟ್ಟೆ. ಕೊಂಬೆಗಳು ಒಂದೊಂದಾಗಿ ಇಳಿದವು. ಬೋರ್ಡಿಗೆ ಅಡ್ಡವಾಗಿದ್ದುದು ಎರಡನೆಯದು. ಆದರೂ ಅಲ್ಲಿಗೆ ನಿಲ್ಲಿಸಲಿಲ್ಲ. ಬುಡಕ್ಕೆ ಗರಗಸ ಇಟ್ಟಾಗ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಹಿಡಿತದಲ್ಲಿ ಬಲವೇ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಇಳಿದು ಹೋದೆ. ಪರಿವೀಕ್ಷಕ ಅಲ್ಲೇ ಇದ್ದ. ಬಿದ್ದ ಕೊಂಬೆಯ ಚಿಗುರನ್ನು ಬೂಟಿನಿಂದ ಸರಿಸಿ, "ನೋಡಿ ಯಜಮಾನ್ರೇ, ಮತ್ತೆ ಬಾಡಿತ್ತು" ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ; ಸಮಾಧಾನಕ್ಕೆ ಹೇಳಿದ. ಬಡ್ತಿ ಸಿಕ್ಕಿತೇ ಎಂದು ಕೇಳಿದೆ. ಸಿಕ್ಕಿತು ಎಂದ. ಕನ್ನಡಕದಂಗಡಿಯ ಒಳಗೆ ಬಿಸಿಲು ನೇರವಾಗಿ ನುಗ್ಗಿತ್ತು. ಅಂಗಡಿಯವನು ಹಣೆಗೆ ಕೈ ಅಡ್ಡ ಹಿಡಿದು ಬಾಗಿಲಲ್ಲಿ ನಿಂತಿದ್ದ.

ಗರಗಸದವನು ಹಾರೆಯಿಂದ ದಿಮ್ಮಿಯ ತೊಗಟೆ ಎಬ್ಬಿಸುತ್ತಿದ್ದ. ಆಳುದ್ದದ ಹಾಳೆಗಳು, ಒಳಗಡೆ ಕೆಂಪು.

"ಬೇಕಾ ಅಜ್ಜಾರೇ? ಔಷಧಿಗೆ ಆಗುತ್ತಂತಲ್ಲ. ಎಷ್ಟು ಬೇಕಾದ್ರೂ ತಗೊಳ್ಳಿ. ಹೇಗೂ ಲಾರಿಗೆ ಹಾಕೋದೇ."

ಒಂದು ಹಾಳೆಯಲ್ಲಿ ಅಕ್ಕಪಕ್ಕ ಎರಡು ಚೌಕ ತೂತು. ಅಂಚಿನಲ್ಲಿ ಹೊಸ ತೊಗಟೆ ಒಳಕ್ಕೆ ಬೆಳೆಯುತ್ತಿತ್ತು. ಮಾಗುತ್ತಿತ್ತು.

ಒಂದು ಚೀಲ ತುಂಬ ತಂದೆ.

ಮೇ 7, ಗುರುವಾರ

ಗೆರೆ ಎಳೆದು, ಅವಳ ಕತ್ತರಿಯಲ್ಲೇ ಕತ್ತರಿಸಿದೆ. ಒಂದು ಹಿಡಿ, ನಾಲ್ಕು ಲೋಟ ನೀರು. ಹಾಲಿನ ಪಾತ್ರೆಯಲ್ಲಿ ಇಟ್ಟೆ. ಮುಕ್ಕಾಲು ಗಂಟೆ ಒಲೆಯ ಮುಂದೆ ನಿಂತೆ. ಇದರಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತು, ಅವಳಿಗೂ ಗೊತ್ತು. ಬಾಗಿಲಲ್ಲಿ ನಿಂತಿದ್ದ ನರ್ಸಕ್ಕ ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಒಳಗೆ ಹೋಗಿ, ಅವಳನ್ನು ಎಬ್ಬಿಸಿ ದಿಂಬಿಗೆ ಒರಗಿಸಿ ಕೂರಿಸಿದರು.

ಚೀಲದಲ್ಲಿರುವುದು ದಿನಕ್ಕೊಂದು ಹಿಡಿಯಂತೆ ವರ್ಷಕ್ಕೂ ಮಿಕ್ಕುತ್ತದೆ. ಡಾಕ್ಟರಮ್ಮ ಹೇಳಿದ್ದು ಎರಡು ತಿಂಗಳು.

ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು.

"ಕಹಿನಾ?"

"ಸಪ್ಪೆ. ನೀರು ಜಾಸ್ತಿ ಹಾಕಿದೀಯ."

"ನಾಲ್ಕು ಲೋಟಾನೇ ಹಾಕಿದ್ದು. ಒಂದಕ್ಕೆ ಇಳಿಸಿದೀನಿ."

"ಯಾವ ಲೋಟ?"

"ಕಾಫಿದು. ನನ್ನ ಲೋಟ."

"ಅದು ಬಕೆಟ್ಟು. ಚಿಕ್ಕ ಲೋಟದಲ್ಲಿ ಅಳೀಬೇಕು ಅಣ್ಣ. ನಿನ್ನ ಪುಸ್ತಕದಲ್ಲಿ ಅದೆಲ್ಲ ಬರೆದಿರಲ್ಲ."

ಬೈಯುತ್ತಲೇ ಪೂರ್ತಿ ಕುಡಿದಳು. ಲೋಟ ತೊಳೆದಿಟ್ಟೆ.

ನಾಳೆ ಚಿಕ್ಕ ಲೋಟ.